ಮೂಲೆ ಪಬ್ಬು, ಮಹಡಿ ಮೇಲಿನ ಕ್ಲೋಯಿ

1909ರಲ್ಲಿ ಮೆಲ್ಬರ್ನಿನ ಹೆಸರಾಂತ ಶಸ್ತ್ರವೈದ್ಯರೊಬ್ಬರ ಆಸ್ತಿಪಾಸ್ತಿ ಹರಾಜಿಗೆ ಬಂತು. ಡಾಕ್ಟರು ಸರ್ ಥಾಮಸ್ ಫಿಟ್ಜ್‌ಜೆರಾಲ್ಡ್ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಅವರು ಬಿಟ್ಟುಹೋದ ವಸ್ತುಗಳಲ್ಲಿ ಎಂಟೂವರೆ ಅಡಿ ಎತ್ತರದ ಒಂದು ತೈಲಚಿತ್ರವಿತ್ತು. ಕಾಡಿನ ನಡುವಿನ ನೀರಿನಂಚಿನಲ್ಲಿ, ಮೈಮೇಲೆ ನೂಲೆಳೆಯೂ ಇಲ್ಲದೆ, ಮುಖವನ್ನು ಪಕ್ಕಕ್ಕೆ ಹೊರಳಿಸಿ ನಿಂತ ಯುವತಿಯ ಚಿತ್ರ, ಹೆಸರು ‘ಕ್ಲೋಯಿ’. 800 ಪೌಂಡಿಗೆ ಅದನ್ನು ಕೊಂಡವನು ಯಾವ ಕಲಾಶಾಲೆಯವನೂ ಅಲ್ಲ, ಶ್ರೀಮಂತ ಜಮೀನ್ದಾರನೂ ಅಲ್ಲ. ಹೆನ್ರಿ ಫಿಗ್ಸ್‌ಬಿ ಯಂಗ್ ಎಂಬ ಪಬ್ಬಿನ ಮಾಲೀಕ. ಚಿತ್ರವನ್ನು ತಂದು ತನ್ನ ಪಬ್ಬಿನ ಗೋಡೆಗೆ ತೂಗುಹಾಕಿಸಿದ. ಊರಿನ ಮರ್ಯಾದಸ್ಥರು ಕಾಲು ಶತಮಾನದ ಹಿಂದೆ ಯಾರನ್ನು ಕಲಾಗ್ಯಾಲರಿಯಿಂದ ಹೊರಗೆ ಕಳಿಸಿದ್ದರೋ, ಆ ಕ್ಲೋಯಿ ಬಿಯರು ಕುಡಿಯುವವರ ನಡುವೆ ಖಾಯಂ ಆಗಿ ನೆಲೆಸಿದಳು.

ಆ ಪಬ್ಬು ಇಂದಿಗೂ ಅಲ್ಲೇ ಇದೆ. ಮೆಲ್ಬರ್ನಿನ ಫ್ಲಿಂಡರ್ಸ್ ರಸ್ತೆ ಮತ್ತು ಸ್ವಾನ್‌ಸ್ಟನ್ ರಸ್ತೆ ಸೇರುವ ಮೂಲೆಯಲ್ಲಿ, ರೈಲು ನಿಲ್ದಾಣದ ಎದುರಿಗೆ. ಈಗಿನ ಹೆಸರು ‘ಯಂಗ್ ಅಂಡ್ ಜಾಕ್ಸನ್’. ಮೂರಂತಸ್ತಿನ ಕಟ್ಟಡ; ಒಳಗಿನ ಗೋಡೆ ಆ ಸೀಮೆಯ ನೀಲಿಛಾಯೆಯ ಕರಿಗಲ್ಲಿನದು, ಹೊರಗೆ ಗಾರೆ. ವಿಕ್ಟೋರಿಯಾ ರಾಜ್ಯದ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಅದರ ಹೆಸರಿದೆ. ವಾಸ್ತುಶಿಲ್ಪದ ದೃಷ್ಟಿಯಿಂದ ನೋಡಿದರೆ ಬೆರಗಾಗುವಂಥದ್ದೇನೂ ಅಲ್ಲಿಲ್ಲ. ಮೆಲ್ಬರ್ನಿನಲ್ಲಿ ಅದಕ್ಕಿಂತ ಹತ್ತು ಪಾಲು ಚೆಂದದ ಕಟ್ಟಡಗಳು ಇದ್ದವು, ಉರುಳಿಯೂ ಹೋದವು. ಈ ಮೂಲೆ ಉಳಿದದ್ದು ಅದರೊಳಗೆ ಬಂದುಹೋದವರಿಂದ, ಅದರಲ್ಲೂ ಬಂದವಳು ಮತ್ತೆ ಹೋಗದೆ ಉಳಿದದ್ದರಿಂದ.

ಮೂಲೆಯ ದಾಖಲಿತ ಚರಿತ್ರೆ ಶುರುವಾಗುವುದು 1837ರ ಜೂನ್ 1ರಂದು. ಸರ್ಕಾರ ಮೆಲ್ಬರ್ನಿನ ಮೊದಲ ನಿವೇಶನ ಹರಾಜು ನಡೆಸಿದ ದಿನ ಅದು. ರಾಬರ್ಟ್ ಹಾಡ್ಲ್ ಎಂಬ ಸರ್ವೇದಾರ ಯಾರಾ ನದಿಯ ದಡದಲ್ಲಿ ಚೌಕಚೌಕವಾಗಿ ರಸ್ತೆಗಳ ಗೆರೆ ಎಳೆದಿದ್ದ. ಗೆರೆಗಳ ನಡುವೆ ಮರದ ಬುಡ, ಕೆಸರು, ಒಂದಷ್ಟು ಗುಡಿಸಲು ಬಿಟ್ಟರೆ ಬೇರೇನೂ ಇರಲಿಲ್ಲ. ಈ ಮೂಲೆಯ ನಿವೇಶನವನ್ನು ಜಾನ್ ಬ್ಯಾಟ್‌ಮನ್ 100 ಪೌಂಡಿಗೆ ಹಿಡಿದ.

ಬ್ಯಾಟ್‌ಮನ್ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಗಡೀಪಾರಾಗಿ ಬಂದ ಕೈದಿಯ ಮಗ. ಇಂದು ಟಾಸ್ಮೇನಿಯಾ ಎನ್ನುವ ದ್ವೀಪದಲ್ಲಿ ದರೋಡೆಕೋರರನ್ನು ಹಿಡಿದು ಸರ್ಕಾರದ ಇನಾಮು ಗಳಿಸಿದವನು. ಅಲ್ಲಿನ ಮೂಲನಿವಾಸಿಗಳನ್ನು ಬೇಟೆಯಾಡಿದ ತಂಡಗಳ ಮುಂದಾಳೂ ಹೌದು. 1835ರಲ್ಲಿ ಸಮುದ್ರ ದಾಟಿ ಬಂದು ವುರುಂಜೆರಿ ಜನರ ಹಿರಿಯರ ಜೊತೆ ‘ಒಪ್ಪಂದ’ವೊಂದನ್ನು ಮಾಡಿಕೊಂಡ. ಕಂಬಳಿ, ಕೊಡಲಿ, ಚಾಕು, ಕತ್ತರಿ, ಕನ್ನಡಿ, ಹಿಟ್ಟು ಕೊಟ್ಟು, ವರ್ಷವರ್ಷವೂ ಇಷ್ಟಿಷ್ಟು ಕೊಡುತ್ತೇನೆಂದು ಬರೆದು, ಸುಮಾರು ಆರು ಲಕ್ಷ ಎಕರೆ ತನ್ನದಾಯಿತೆಂದು ಹೇಳಿಕೊಂಡ. ಸಿಡ್ನಿಯಲ್ಲಿದ್ದ ಗವರ್ನರ್ ಬರ್ಕ್ ಅದೇ ವರ್ಷದ ಆಗಸ್ಟಿನಲ್ಲಿ ಈ ಒಪ್ಪಂದವನ್ನು ಅನೂರ್ಜಿತಗೊಳಿಸಿದ. ಕಾರಣ ಕೇಳಿದರೆ ಕಥೆ ಇನ್ನೂ ಕಟುವಾಗುತ್ತದೆ: ಆ ನೆಲ ಮಾರಲು ವುರುಂಜೆರಿಗಳು ಯಾರು, ಅದೆಲ್ಲ ಇಂಗ್ಲೆಂಡಿನ ದೊರೆಯದು ಎಂಬುದು ಸರ್ಕಾರದ ವಾದ. ಮೋಸದ ಕ್ರಯವನ್ನು ರದ್ದು ಮಾಡಿ ಅದಕ್ಕಿಂತ ದೊಡ್ಡ ಮೋಸವನ್ನು ಕಾನೂನಾಗಿಸಿದರು. ಹೀಗಾಗಿ ಆರು ಲಕ್ಷ ಎಕರೆಯ ‘ಒಡೆಯ’ ಎರಡೇ ವರ್ಷದಲ್ಲಿ ಅರ್ಧ ಎಕರೆಯ ನಿವೇಶನಕ್ಕಾಗಿ ಉಳಿದವರ ಜೊತೆ ಹರಾಜಿನಲ್ಲಿ ಸವಾಲು ಕೂಗಬೇಕಾಯಿತು. ಮಕ್ಕಳಿಗೆಂದು ಅವನು ಇಲ್ಲಿ ಮನೆ ಕಟ್ಟಿಸಿದ, ಮುಂದೆ ಅದೇ ಶಾಲೆಯಾಯಿತು ಎಂದು ಪಬ್ಬಿನ ಚರಿತ್ರೆ ಹೇಳುವವರೆಲ್ಲ ಹೇಳುತ್ತಾರೆ. ಅದನ್ನು ಅನುಭವಿಸುವಷ್ಟು ಆಯುಸ್ಸು ಅವನಿಗಿರಲಿಲ್ಲ. ಗುಹ್ಯರೋಗ ಮೈಯನ್ನು ತಿಂದುಹಾಕಿ 1839ರ ಮೇ ತಿಂಗಳಲ್ಲಿ ಸತ್ತ. ವಯಸ್ಸು ನಲವತ್ತೂ ದಾಟಿರಲಿಲ್ಲ.

ಅಂದಹಾಗೆ, ಮೆಲ್ಬರ್ನನ್ನು ಕಟ್ಟಿದವನು ತಾನೇ ಎಂದು ಬ್ಯಾಟ್‌ಮನ್ ಜೊತೆ ಪೈಪೋಟಿಗಿಳಿದಿದ್ದ ಜಾನ್ ಪ್ಯಾಸ್ಕೋ ಫಾಕ್ನರ್ ಊರಿಗೆ ಬಂದು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಪಬ್ಬು ತೆರೆದದ್ದು. ಪತ್ರಿಕೆ ಶುರುಮಾಡಿದ್ದು ಆಮೇಲೆ, 1838ರಲ್ಲಿ. ಅದೂ ಅಚ್ಚಿನ ಮೊಳೆ ಇಲ್ಲದ್ದಕ್ಕೆ ಕೈಬರಹದಲ್ಲಿ. ಆ ಊರಿನ ಆದ್ಯತೆಗಳು ಮೊದಲಿಂದಲೂ ಸ್ಪಷ್ಟವಾಗಿದ್ದವು.

1850ರಲ್ಲಿ ನದಿಗೆ ಅಡ್ಡಲಾಗಿ ಕಲ್ಲಿನ ಪ್ರಿನ್ಸಸ್ ಸೇತುವೆ ಬಂತು. ಮರುವರ್ಷವೇ ಒಳನಾಡಿನಲ್ಲಿ ಚಿನ್ನ ಸಿಕ್ಕಿತು. ಮೂವತ್ತು ಸಾವಿರದ ಆಸುಪಾಸಿನಲ್ಲಿದ್ದ ಮೆಲ್ಬರ್ನಿನ ಜನಸಂಖ್ಯೆ ಹತ್ತೇ ವರ್ಷದಲ್ಲಿ ಲಕ್ಷ ದಾಟಿತು. ಸೇತುವೆ ದಾಟಿ ಬಂದವರಿಗೆ ಎದುರಾಗುವ ಮೊದಲ ಮೂಲೆಗಳಲ್ಲಿ ಇದೂ ಒಂದು. ಈಗ ಕಾಣುವ ಮೂರಂತಸ್ತಿನ ಕಟ್ಟಡ ಎದ್ದದ್ದು ಆ ಭರಾಟೆಯಲ್ಲೇ, 1853ರಲ್ಲಿ. ಮೇಲೆ ಮನೆ, ಕೆಳಗೆ ಮಾಂಸದಂಗಡಿ. ಮರುವರ್ಷ ಎದುರುಗಡೆಯಿಂದಲೇ ಆಸ್ಟ್ರೇಲಿಯಾದ ಮೊದಲ ಹಬೆ ರೈಲು ಬಂದರಿನತ್ತ ಹೊರಟಿತು. ಒಂದು ಕಡೆ ಸೇತುವೆ, ಇನ್ನೊಂದು ಕಡೆ ರೈಲು. ಇಂಥ ಜಾಗದಲ್ಲಿ ಮಾಂಸ ಮಾರಿ ಎಷ್ಟು ಸಿಕ್ಕೀತು? 1861ರ ಜುಲೈನಲ್ಲಿ ಅಲ್ಲಿ ‘ಪ್ರಿನ್ಸಸ್ ಬ್ರಿಡ್ಜ್ ಹೋಟೆಲ್’ ಎಂಬ ಬೋರ್ಡು ಏರಿತು. ಆಸ್ಟ್ರೇಲಿಯಾದಲ್ಲಿ ಪಬ್ಬನ್ನೂ ಹೋಟೆಲ್ ಎಂದೇ ಕರೆಯುವುದು ರೂಢಿ. ಇಡ್ಲಿ ಕಾಫಿ ನೆನಪಿಗೆ ತಂದುಕೊಳ್ಳಬಾರದು.

ಹದಿನಾಲ್ಕು ವರ್ಷದ ಮೇಲೆ, 1875ರಲ್ಲಿ, ಪಬ್ಬು ಇಬ್ಬರು ಐರಿಶ್ ಸಂಬಂಧಿಗಳ ಕೈಗೆ ಬಂತು. ಹೆನ್ರಿ ಯಂಗ್ ಮತ್ತು ಥಾಮಸ್ ಜೋಶುವಾ ಜಾಕ್ಸನ್. ಇಬ್ಬರೂ ಚಿನ್ನದ ಬೆನ್ನುಹತ್ತಿ ಹೊರಟು, ಗಣಿಗಾರರಿಗಿಂತ ಗಣಿಗಾರರ ಬಾಯಾರಿಕೆ ತಣಿಸುವವರಿಗೇ ಹೆಚ್ಚು ಚಿನ್ನ ಸಿಗುತ್ತದೆಂದು ಅರಿತವರು. ಬೋರ್ಡಿನಲ್ಲಿ ಏನೇ ಬರೆದಿದ್ದರೂ ಊರ ಬಾಯಲ್ಲಿ ಅದು ‘ಯಂಗ್ ಅಂಡ್ ಜಾಕ್ಸನ್‌’ ಆಯಿತು.

ಅದೇ 1875ರಲ್ಲಿ ಪ್ಯಾರಿಸ್ಸಿನ ವಾರ್ಷಿಕ ಕಲಾಪ್ರದರ್ಶನವಾದ ಸಲೂನಿನಲ್ಲಿ ಜೂಲ್ ಲೆಫೆಬ್ರ್ ಎಂಬ ಕಲಾವಿದ ‘ಕ್ಲೋಯಿ’ಯನ್ನು ಪ್ರದರ್ಶಿಸಿದ. ಲೆಫೆಬ್ರ್ ಬಂಡಾಯಗಾರನಲ್ಲ. ಶಾಲೆಯ ಶಿಸ್ತಿನಲ್ಲಿ ಪಳಗಿದ, ನಗ್ನಚಿತ್ರಗಳಿಗೇ ಹೆಸರಾದ, ಶಿಷ್ಯರಿಗೆ ರೇಖೆ ಕಲಿಸುತ್ತಿದ್ದ ಮೇಷ್ಟರು. ಮೋನೆ, ರೆನ್ವಾರಂಥವರು ಹಿಂದಿನ ವರ್ಷವೇ ಸಲೂನಿಗೆ ಬೆನ್ನು ತಿರುಗಿಸಿ ತಮ್ಮದೇ ಪ್ರದರ್ಶನ ನಡೆಸಿದ್ದರು. ಲೆಫೆಬ್ರ್ ಮಾತ್ರ ಸಲೂನಿನ ಒಪ್ಪಿದ ಮಗ. ಹೆಸರಿಗೆ ಅವನ ಕ್ಲೋಯಿ ಗ್ರೀಕ್ ಪುರಾಣದ ಜಲಕನ್ಯೆ, ಆಂದ್ರೆ ಶೆನಿಯೆ ಕವಿಯ ಕಾವ್ಯದಿಂದ ಬಂದವಳು. ಪುರಾಣದ ಹೆಸರಿಟ್ಟರೆ ಬತ್ತಲೆಗೆ ಮಡಿ ಬರುತ್ತಿದ್ದ ಕಾಲ. ಕ್ಯಾನ್ವಾಸಿನ ಮೇಲಿರುವವಳು ಮಾತ್ರ ಅಪ್ಪಟ ಪ್ಯಾರಿಸ್ ಹುಡುಗಿ. ಚರ್ಮ ನುಣುಪಾಗಿ ಹೊಳೆಯುತ್ತದೆ, ಕುಂಚದ ಗುರುತು ಎಲ್ಲೂ ಕಾಣದು. ನೋಡುವವರನ್ನು ಅವಳು ನೋಡುವುದೇ ಇಲ್ಲ. ನೂರಾರು ಕುಡುಕರ ನಡುವೆ ನೂರು ವರ್ಷ ನಿಲ್ಲಬೇಕಾಗಿದ್ದವಳಿಗೆ ಆ ನೋಟ ಸರಿಯಾಗಿಯೇ ಒದಗಿಬಂತು ಎನ್ನಬೇಕು.

ರೂಪದರ್ಶಿಯ ಹೆಸರು ಮಾರಿ ಎನ್ನುತ್ತಾರೆ. ಲೆಫೆಬ್ರ್‌ನನ್ನು ಪ್ರೀತಿಸಿದಳು, ಅವನು ಅವಳ ಅಕ್ಕನನ್ನೋ ತಂಗಿಯನ್ನೋ ಮದುವೆಯಾದ, ಈಕೆ ಗೆಳೆಯರಿಗೆಲ್ಲ ಊಟ ಹಾಕಿಸಿ ಆಮೇಲೆ ಬೆಂಕಿಕಡ್ಡಿಯ ರಂಜಕ ಕುದಿಸಿ ಕುಡಿದು ಸತ್ತಳು ಎಂಬ ಕಥೆಯನ್ನು ಪಬ್ಬಿನಲ್ಲಿ ಒಂದು ಗ್ಲಾಸಿನ ಖರ್ಚಿಗೆ ಯಾರಾದರೂ ಹೇಳಿಯಾರು. ಚಿತ್ರ ಪ್ರಸಿದ್ಧವಾದಷ್ಟೂ ಈ ಸಾವಿಗೆ ಹೊಸ ವಿವರಗಳು ಸೇರಿಕೊಂಡಿವೆ. ಕಥೆಯನ್ನು ಕಥೆಯೆಂದೇ ಕೇಳಿಸಿಕೊಳ್ಳುವುದು ಲೇಸು.

ಪ್ಯಾರಿಸ್ಸಿನಲ್ಲಿ ಗೆದ್ದ ಚಿತ್ರ ಹಡಗು ಹತ್ತಿತು. 1879ರ ಸಿಡ್ನಿ ಅಂತರರಾಷ್ಟ್ರೀಯ ಪ್ರದರ್ಶನದಲ್ಲೂ 1880ರ ಮೆಲ್ಬರ್ನ್ ಪ್ರದರ್ಶನದಲ್ಲೂ ಬಹುಮಾನ ಪಡೆಯಿತು. ಡಾ. ಫಿಟ್ಜ್‌ಜೆರಾಲ್ಡ್ 850 ಗಿನಿ ಕೊಟ್ಟು ಕೊಂಡುಕೊಂಡರು. ಗಿನಿಗೆ ಇಪ್ಪತ್ತೊಂದು ಶಿಲಿಂಗಿನಂತೆ ಲೆಕ್ಕ ಹಾಕಿದರೆ 892 ಪೌಂಡು ಹತ್ತು ಶಿಲಿಂಗು. ಕಾಲು ಶತಮಾನದ ಮೇಲೆ ಯಂಗ್‌ಗೆ ಅದು ತೊಂಬತ್ತಕ್ಕೂ ಹೆಚ್ಚು ಪೌಂಡು ಸೋವಿಯಾಗಿ ದಕ್ಕಿತು. ನಡುವೆ ಬೆಲೆ ಏರದೆ ಇಳಿದದ್ದೇಕೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಮೆಲ್ಬರ್ನಿನ ಮಡಿವಂತಿಕೆಯಲ್ಲೂ ಯುರೋಪಿನಲ್ಲಿ ಬದಲಾಗುತ್ತಿದ್ದ ಅಭಿರುಚಿಯಲ್ಲೂ ಇದೆ.

1883ರಲ್ಲಿ ಡಾಕ್ಟರು ಐರ್ಲೆಂಡಿಗೆ ಹೊರಟಾಗ ಚಿತ್ರವನ್ನು ವಿಕ್ಟೋರಿಯಾದ ನ್ಯಾಷನಲ್ ಗ್ಯಾಲರಿಗೆ ಎರವಲು ಕೊಟ್ಟರು. ಗ್ಯಾಲರಿ ಆಗ ಇದ್ದದ್ದು ಇದೇ ಸ್ವಾನ್‌ಸ್ಟನ್ ರಸ್ತೆಯಲ್ಲಿ, ಪಬ್ಬಿನಿಂದ ಕೆಲವೇ ಅಡ್ಡರಸ್ತೆಗಳಾಚೆ. ಅದೇ ಹೊತ್ತಿಗೆ ಭಾನುವಾರವೂ ಗ್ಯಾಲರಿ ತೆರೆಯುವ ಪ್ರಯೋಗ ನಡೆದಿತ್ತು. ಚರ್ಚಿಗೆ ಹೋಗಬೇಕಾದ ದಿನ ಬಾಗಿಲು ತೆರೆದಿದ್ದೇ ಒಂದು ಅಪರಾಧ. ತೆರೆದ ಬಾಗಿಲ ಹಿಂದೆ ಇಂಥ ಚಿತ್ರ ಬೇರೆ! ‘ಆರ್ಗಸ್’ ಪತ್ರಿಕೆಗೆ ಪತ್ರಗಳ ಸುರಿಮಳೆಯಾಯಿತು. ಹೆಂಡತಿ ಮಕ್ಕಳ ಜೊತೆ ಹೋಗಿ ನೋಡುವಂತಿದೆಯೇ ಎಂದು ಒಂದು ಗುಂಪು, ಕಲೆಯೆಂದರೆ ಗೊತ್ತಿಲ್ಲದ ಹಳ್ಳಿಗುಗ್ಗುಗಳೆಂದು ಇನ್ನೊಂದು ಗುಂಪು. ಮೂರೇ ವಾರದಲ್ಲಿ ಕ್ಲೋಯಿಯನ್ನು ಗೋಡೆಯಿಂದ ಇಳಿಸಲಾಯಿತು. ಭಾನುವಾರದ ಬಾಗಿಲೂ ಮುಚ್ಚಿತು. ಮೆಲ್ಬರ್ನಿಗೆ ಬೇಡವಾದವಳನ್ನು ಅಡಿಲೇಡ್ ಕರೆಸಿಕೊಂಡಿತು; ಕೆಲವು ವರ್ಷ ಅಲ್ಲಿನ ಗ್ಯಾಲರಿಯಲ್ಲಿ ನಿಶ್ಚಿಂತೆಯಾಗಿ ಇದ್ದು ಬಂದಳು. ಆಮೇಲೆ ಲಾನ್ಸ್‌ಡೇಲ್ ರಸ್ತೆಯ ಡಾಕ್ಟರ ಮನೆ. ಅಲ್ಲೂ ಬೀದಿಗೆ ಕಾಣುವ ಕೋಣೆಯಲ್ಲಿಟ್ಟರೆ ಕಿಟಕಿಯ ಮುಂದೆ ಜನ ಗುಂಪುಗಟ್ಟುತ್ತಿದ್ದರೆಂದೂ, ಹಿಂದಿನ ಕೋಣೆಗೆ ಸಾಗಿಸಬೇಕಾಯಿತೆಂದೂ ಹೇಳುವುದುಂಟು.

ಅದು ಮದ್ಯವಿರೋಧಿ ಚಳವಳಿಯ ಭರದ ಕಾಲವೂ ಹೌದು. 1886ರಲ್ಲಿ ಮೆಲ್ಬರ್ನಿನ ಗ್ರ್ಯಾಂಡ್ ಹೋಟೆಲನ್ನು ಕೊಂಡ ಜೇಮ್ಸ್ ಮನ್ರೋ ಎಂಬ ರಾಜಕಾರಣಿ ಅದರ ಮದ್ಯದ ಲೈಸೆನ್ಸನ್ನು ಎಲ್ಲರೆದುರು ಸುಟ್ಟು, ಅದನ್ನು ‘ಕಾಫಿ ಪ್ಯಾಲೇಸ್’ ಮಾಡಿದ. 1888ರಲ್ಲಿ ಇನ್ನೂ ಭವ್ಯವಾದ ಫೆಡರಲ್ ಕಾಫಿ ಪ್ಯಾಲೇಸ್ ಎದ್ದಿತು. ಗೋಪುರ, ಗುಮ್ಮಟ, ನೂರಾರು ಕೋಣೆ, ಹನಿ ಮದ್ಯವಿಲ್ಲ. ಯಂಗ್ ಮತ್ತು ಜಾಕ್ಸನ್‌ರ ಎದುರು ಮೂಲೆಯಲ್ಲೇ ಸಂತ ಪೌಲರ ಮಹಾಮಂದಿರದ ಕಟ್ಟೋಣ 1880ರಿಂದ 1891ರವರೆಗೆ ನಡೆಯಿತು. ಒಂದು ಮೂಲೆಯಲ್ಲಿ ಪ್ರಾರ್ಥನೆಯ ಗಂಟೆ, ಎದುರಿಗೆ ಪೀಪಾಯಿ ಉರುಳುವ ಸದ್ದು. ನಡುವೆ ರಸ್ತೆ ದಾಟುತ್ತಿದ್ದವರು ಬಹಳಷ್ಟು ಸಲ ಒಬ್ಬರೇ. ಬ್ಯಾಂಕುಗಳು ಕುಸಿದ 1890ರ ದಶಕದಿಂದ ಮುಂದೆ ಹಲವು ಕಾಫಿ ಅರಮನೆಗಳು ಮದ್ಯದ ಲೈಸೆನ್ಸು ಪಡೆದವು.

ಯಂಗ್ ಕ್ಲೋಯಿಯನ್ನು ತಂದದ್ದು ವ್ಯಾಪಾರದ ಗಿಮಿಕ್ಕು ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಅವನಿಗೆ ಚಿತ್ರ ಸಂಗ್ರಹದ ಹುಚ್ಚು ನಿಜವಾಗಿಯೂ ಇತ್ತು. ಪಬ್ಬಿನ ಗೋಡೆಗಳ ಮೇಲೆ ಬೇರೆ ಚಿತ್ರಗಳೂ ಇದ್ದವು. ವ್ಯಾಪಾರವೂ ಕುದುರಿತು, ಅದನ್ನೇಕೆ ಅಲ್ಲಗಳೆಯಬೇಕು. ಎದುರಿಗೆ ಹಸಿರು ಗುಮ್ಮಟದ ಹೊಸ ಫ್ಲಿಂಡರ್ಸ್ ನಿಲ್ದಾಣ 1910ರಲ್ಲಿ ಪೂರ್ತಿಯಾಯಿತು. ಅದರ ಕಮಾನಿನ ಕೆಳಗೆ ಸಾಲುಗಟ್ಟಿದ ಗಡಿಯಾರಗಳು. ಊರವರು ಸಂಧಿಸಲು ಹೇಳುವ ಗುರುತು ‘ಗಡಿಯಾರದ ಕೆಳಗೆ’. ಯಾರಾದರೂ ಬರುವುದು ತಡವಾದರೆ ಕಾಯಲು ರಸ್ತೆ ದಾಟಿದರಾಯಿತು.

ಕ್ಲೋಯಿ ಪಬ್ಬಿಗೆ ಬಂದ ಐದು ವರ್ಷದಲ್ಲಿ ಮೊದಲ ಮಹಾಯುದ್ಧ ಬಂತು. ಬಂದರಿಗೆ ಹೊರಟ ಸೈನಿಕರು ಕೊನೆಯ ಗ್ಲಾಸನ್ನು ಕ್ಲೋಯಿಯ ಮುಂದೆ ಎತ್ತುವುದು ಒಂದು ಪದ್ಧತಿಯಾಯಿತು. ಹೀಗೆ ಹೊರಟವನೊಬ್ಬ ಹಡಗಿನಿಂದ ಸೀಸೆಯೊಂದನ್ನು ಸಮುದ್ರಕ್ಕೆಸೆದನಂತೆ. ಸಿಕ್ಕವರು ಇದನ್ನು ಯಂಗ್ ಅಂಡ್ ಜಾಕ್ಸನ್‌ಗೆ ಒಯ್ದು ತುಂಬಿಸಿ ನಾವು ಬರುವ ತನಕ ಇಡಿಸಿ ಎಂಬ ಚೀಟಿ ಅದರೊಳಗೆ. ಪಬ್ಬಿನ ಅಭಿಮಾನಿಗಳು ಈ ಕಥೆಯನ್ನು ಇಂದಿಗೂ ಹೇಳುತ್ತಾರೆ.

ಯುದ್ಧ ತಂದ ಇನ್ನೊಂದು ಬದಲಾವಣೆಗೆ ಕಥೆಯ ಅಲಂಕಾರ ಬೇಕಿಲ್ಲ. ಸಂಯಮ ಮತ್ತು ದೇಶಭಕ್ತಿಯ ಹೆಸರಿನಲ್ಲಿ 1916ರಲ್ಲಿ ವಿಕ್ಟೋರಿಯಾ ಸರ್ಕಾರ ಪಬ್ಬುಗಳನ್ನು ಸಂಜೆ ಆರಕ್ಕೇ ಮುಚ್ಚಬೇಕೆಂದು ಕಾನೂನು ಮಾಡಿತು. ಯುದ್ಧ ಮುಗಿದರೂ ಕಾನೂನು ಮುಗಿಯಲಿಲ್ಲ. ಐವತ್ತು ವರ್ಷ, 1966ರ ಫೆಬ್ರವರಿಯವರೆಗೆ, ಅದೇ ನಡೆಯಿತು. ಕಚೇರಿ, ಕಾರ್ಖಾನೆ ಬಿಡುವುದು ಐದಕ್ಕೆ. ಉಳಿಯುವುದು ಒಂದೇ ಗಂಟೆ. ನಿಲ್ದಾಣದ ಎದುರಿನ ಪಬ್ಬಿನಲ್ಲಿ ಆ ಒಂದು ಗಂಟೆ ಹೇಗಿದ್ದೀತು! ಕೌಂಟರಿನ ಮುಂದೆ ಮೂರ್ನಾಲ್ಕು ಸಾಲು ಜನ, ತಲೆಗಳ ಮೇಲಿಂದ ಚಾಚಿದ ಖಾಲಿ ಗ್ಲಾಸುಗಳು. ಆಗಿನ ಬಾರುಗಳಲ್ಲಿ ಗ್ಲಾಸನ್ನು ನಲ್ಲಿಯ ಬಳಿಗೆ ಒಯ್ಯುವಷ್ಟು ಪುರುಸೊತ್ತಿಲ್ಲದೆ ಉದ್ದದ ಕೊಳವೆ ಎಳೆದುಕೊಂಡು ಸಾಲಾಗಿ ಬಿಯರು ತುಂಬುತ್ತಿದ್ದರು. ಕುರ್ಚಿ ಮೇಜುಗಳನ್ನು ತೆಗೆದುಹಾಕಿ ನಿಲ್ಲುವ ಜಾಗ ಹೆಚ್ಚಿಸಿದ್ದರು. ಗೋಡೆಗೆ ಹೆಂಚುಬಿಲ್ಲೆ ಹೊಡೆಸಿದ್ದರು, ಆಮೇಲೆ ನೀರು ಹಾಯಿಸಿ ತೊಳೆಯಲು ಸುಲಭವೆಂದು. ಆರಕ್ಕೆ ಕಾಲು ಗಂಟೆ ಇದ್ದಾಗ ಜಾಣರು ಎರಡು ಮೂರು ಗ್ಲಾಸು ಒಟ್ಟಿಗೇ ತರಿಸಿ ಇಟ್ಟುಕೊಳ್ಳುತ್ತಿದ್ದರು. ಆರು ಹೊಡೆದ ಮೇಲೆ ಗಟಗಟ ಕುಡಿದು, ತೂರಾಡುತ್ತ ರಸ್ತೆ ದಾಟಿ, ಮನೆಯ ರೈಲು ಹಿಡಿಯುವುದು. ಕುಡಿತ ಕಡಿಮೆ ಮಾಡಲು ಬಂದ ಕಾನೂನು ಒಂದು ಇಡೀ ಪೀಳಿಗೆಗೆ ವೇಗವಾಗಿ ಕುಡಿಯುವುದನ್ನು ಕಲಿಸಿತು. 1956ರಲ್ಲಿ, ಒಲಿಂಪಿಕ್ಸಿಗೆ ಜಗತ್ತೇ ಮೆಲ್ಬರ್ನಿಗೆ ಬರಲಿದ್ದ ವರ್ಷ, ಹೊತ್ತು ವಿಸ್ತರಿಸೋಣವೇ ಎಂದು ಜನಮತ ಕೇಳಿದರು. ಮತದಾರರು ಬೇಡವೆಂದರು. ಅತಿಥಿಗಳೂ ಆರಕ್ಕೇ ಗ್ಲಾಸು ಕೆಳಗಿಟ್ಟರು.

ಎರಡನೇ ಮಹಾಯುದ್ಧದಲ್ಲಿ ಈ ನೂಕುನುಗ್ಗಲಿಗೆ ಅಮೆರಿಕನ್ನರು ಸೇರಿಕೊಂಡರು. ಗ್ವಾಡಲ್‌ಕನಾಲ್‌ನಲ್ಲಿ ಹೋರಾಡಿ ಬಳಲಿ ಬಂದ ಅವರ ನೌಕಾಪದಾತಿಗಳು 1943ರಲ್ಲಿ ಬಿಡಾರ ಹೂಡಿದ್ದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ. ಅಲ್ಲಿಂದ ಪಬ್ಬಿಗೆ ಕಾಲುನಡಿಗೆಯ ದಾರಿ. ಅವರಲ್ಲೊಬ್ಬ ಕ್ಲೋಯಿಯ ಮೇಲೆ ಗ್ಲಾಸು ಎಸೆದನೆಂದು ಹೇಳುವವರಿದ್ದಾರೆ. ಎಂಸಿಜಿ ಎಂದರೆ ಕನ್ನಡಿಗರಿಗೆ ನೆನಪಾಗುವುದು ಬೇರೆ: 1977-78ರ ಟೆಸ್ಟಿನಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ ಎರಡೂ ಇನ್ನಿಂಗ್ಸಿನಲ್ಲಿ 52 ರನ್ನಿಗೆ ಆರಾರು ವಿಕೆಟ್ ಕಿತ್ತು ಭಾರತಕ್ಕೆ ಆಸ್ಟ್ರೇಲಿಯಾ ನೆಲದ ಮೊದಲ ಗೆಲುವು ತಂದುಕೊಟ್ಟದ್ದು ಅಲ್ಲೇ. ಆಟ ಮುಗಿದ ಮೇಲೆ ಮೈದಾನದ ಜನ ನಗರದತ್ತ ಹರಿಯುವುದು ಇದೇ ಮೂಲೆಯ ಕಡೆಗೆ.

ಇಷ್ಟೆಲ್ಲ ಗದ್ದಲದಲ್ಲಿ ಯಾರು ಇರಲಿಲ್ಲ ಎಂಬುದನ್ನೂ ಹೇಳಬೇಕು. ಆ ಬಾರಿನಲ್ಲಿ ಬಿಯರು ತುಂಬಿಕೊಡುವ ಹೆಂಗಸರಿದ್ದರು, ಕುಡಿಯುವ ಹೆಂಗಸರಿರಲಿಲ್ಲ. ಆಸ್ಟ್ರೇಲಿಯಾದ ಪಬ್ಬುಗಳ ಮುಖ್ಯ ಬಾರು ದಶಕಗಟ್ಟಲೆ ಗಂಡಸರ ಸ್ವತ್ತಾಗಿತ್ತು. ಹೆಂಗಸರಿಗೆ ಪಕ್ಕದ ಬಾಗಿಲು, ಬೇರೆ ಕೋಣೆ. 1965ರಲ್ಲಿ ಬ್ರಿಸ್ಬೇನಿನ ಪಬ್ಬೊಂದರಲ್ಲಿ ಇಬ್ಬರು ಮಹಿಳೆಯರು ಬಾರಿನ ಕಾಲುಸರಳಿಗೆ ತಮ್ಮನ್ನು ಸರಪಳಿಯಲ್ಲಿ ಬಿಗಿದುಕೊಂಡು ಪ್ರತಿಭಟಿಸಿದ ಮೇಲೆ ದೇಶದಲ್ಲಿ ಅದರ ಮಾತು ಜೋರಾಯಿತು. ಹೆಂಗಸಿನ ಬತ್ತಲೆ ಚಿತ್ರಕ್ಕೆ ಗೋಡೆ ಮೇಲೆ ಜಾಗವಿದ್ದ ಬಾರಿನಲ್ಲಿ ಸೀರೆಯುಟ್ಟವಳಿಗಾಗಲಿ ಗೌನು ತೊಟ್ಟವಳಿಗಾಗಲಿ ನಿಲ್ಲಲು ಜಾಗವಿರಲಿಲ್ಲ. ಇನ್ನು ವುರುಂಜೆರಿಗಳು. ಬ್ಯಾಟ್‌ಮನ್ ಕಂಬಳಿ ಕೊಟ್ಟು ಪಡೆದನೆಂದ ನೆಲದ ಮೇಲೆ ನಿಂತ ಈ ಪಬ್ಬಿನಲ್ಲಿ ಅವರ ಮಕ್ಕಳು ಮೊಮ್ಮಕ್ಕಳು ಒಂದು ಗ್ಲಾಸು ಬಿಯರು ಕೇಳಿದರೆ ಕೊಟ್ಟವನಿಗೆ ಶಿಕ್ಷೆ. ಮೂಲನಿವಾಸಿಗಳಿಗೆ ಮದ್ಯ ಮಾರುವುದನ್ನು ಕಾನೂನು ಬಹುಕಾಲ ನಿಷೇಧಿಸಿತ್ತು. ಈ ಕಟ್ಟಡದ ಚರಿತ್ರೆಯನ್ನು ಬರೀ ಮೋಜಿನ ಕಥೆಯಾಗಿ ಹೇಳುವವರು ಈ ಪುಟವನ್ನು ಮಗುಚಿ ಮುಂದೆ ಹೋಗಿಬಿಡುತ್ತಾರೆ.

1950ರಿಂದ 70ರ ದಶಕದ ತನಕ ಮೆಲ್ಬರ್ನಿನಲ್ಲಿ ಒಡೆಯುವವರದೇ ಸುಗ್ಗಿ. ಫೆಡರಲ್ ಕಾಫಿ ಪ್ಯಾಲೇಸನ್ನು 1970ರ ದಶಕದ ಆರಂಭದಲ್ಲಿ ಕೆಡವಿದರು; ಊರು ಇಂದಿಗೂ ಅದಕ್ಕಾಗಿ ಮರುಗುತ್ತದೆ. ಪಬ್ಬಿನ ಎದುರು ಮೂಲೆಯಲ್ಲಿ 1960ರ ದಶಕದಲ್ಲಿ ಗ್ಯಾಸ್ ಅಂಡ್ ಫ್ಯುಯೆಲ್ ಕಂಪನಿಯ ಜೋಡಿ ಗೋಪುರಗಳು ಎದ್ದವು. ಮೂವತ್ತೇ ವರ್ಷಕ್ಕೆ, ಇಷ್ಟು ವಿಕಾರವಾದದ್ದು ಬೇಡವೆಂದು ಅವನ್ನೂ ನೆಲಸಮ ಮಾಡಿದರು. ತೀರಾ ಈಚೆಗೆ ಸುರಂಗ ರೈಲಿನ ಹೊಸ ನಿಲ್ದಾಣಕ್ಕಾಗಿ ಫ್ಲಿಂಡರ್ಸ್ ರಸ್ತೆಯಲ್ಲೇ ಇದ್ದ ಪೋರ್ಟ್ ಫಿಲಿಪ್ ಆರ್ಕೇಡ್ ಮಾಯವಾಯಿತು. ಹಳೆಯದೂ ಹೊಸದೂ ಸುತ್ತ ಉರುಳುತ್ತಿದ್ದಾಗ 1853ರ ಮಾಂಸದಂಗಡಿ ಕಟ್ಟಡ ನಿಂತೇ ಇತ್ತು. ಪಾರಂಪರಿಕ ಪಟ್ಟಿಯ ರಕ್ಷಣೆ ಕಲ್ಲು ಗಾರೆಗಷ್ಟೇ ಅಲ್ಲದೆ ಕ್ಲೋಯಿಗೂ ಇದೆ. ಮಾಲೀಕರು ಬದಲಾಗಬಹುದು, ಅವಳನ್ನು ಬಿಚ್ಚಿ ಮಾರುವಂತಿಲ್ಲ. ಇದು ಬುದ್ಧಿವಂತರ ಕ್ರಮ. ಚಿತ್ರವಿಲ್ಲದ ಆ ಕಟ್ಟಡವಾಗಲಿ, ಕಟ್ಟಡವಿಲ್ಲದ ಆ ಚಿತ್ರವಾಗಲಿ ಯಾರಿಗೂ ಅಷ್ಟು ಬೇಕಾಗುತ್ತಿರಲಿಲ್ಲ. ಕಲೆಯ ಮಟ್ಟದಲ್ಲಿ ಲೆಫೆಬ್ರ್ ಎರಡನೇ ಸಾಲಿನವನು. ಇದೇ ಕ್ಲೋಯಿ ಯಾವುದೋ ಗ್ಯಾಲರಿಯ ಉಗ್ರಾಣ ಸೇರಿದ್ದರೆ ಇಷ್ಟೊತ್ತಿಗೆ ಮರೆತೇ ಹೋಗುತ್ತಿದ್ದಳು.

ಮೆಲ್ಬರ್ನಿನಲ್ಲಿ ಈಗ ಕನ್ನಡದ ಮನೆಗಳು ಸಾಕಷ್ಟಿವೆ. ಮಗನ ಮನೆಗೋ ಮಗಳ ಮನೆಗೋ ಹೋದವರು ಒಂದು ಮಧ್ಯಾಹ್ನ ಫ್ಲಿಂಡರ್ಸ್ ನಿಲ್ದಾಣದಲ್ಲಿ ಇಳಿದು, ಗಡಿಯಾರಗಳ ಕೆಳಗಿಂದ ರಸ್ತೆ ದಾಟಿ, ಮಹಡಿ ಹತ್ತಿ ಕ್ಲೋಯಿಯನ್ನು ನೋಡಿ ಬರಬಹುದು. ಕುಡಿಯುವ ಅಭ್ಯಾಸವಿಲ್ಲದವರು ಊಟಕ್ಕೆ ಕೂರಬಹುದು. ಜೋಡಿ ಗೋಪುರಗಳನ್ನು ಕೆಡವಿದ ಜಾಗದಲ್ಲಿ 2002ರಲ್ಲಿ ಫೆಡರೇಷನ್ ಚೌಕ ತೆರೆಯಿತು. ವಿಕ್ಟೋರಿಯಾದ ನ್ಯಾಷನಲ್ ಗ್ಯಾಲರಿಯ ಒಂದು ದೊಡ್ಡ ಕಟ್ಟಡ ಈಗ ಅಲ್ಲಿದೆ, ಪಬ್ಬಿಗೆ ಮುಖಾಮುಖಿಯಾಗಿ. ಮೂರು ವಾರಕ್ಕೆ ಕ್ಲೋಯಿಯನ್ನು ಹೊರಗೆ ಕಳಿಸಿದ ಗ್ಯಾಲರಿ ಅದೇ. ಪಬ್ಬಿಗೆ ಬಂದು ಅವಳಿಗೆ ಈಗ ನೂರು ವರ್ಷದ ಮೇಲಾಯಿತು.